ಚಿಗವ್ವನ ಸಮುದ್ರ

ನಮ್ಮ ಚಿಗವ್ವನಿಗೆ ಸ್ವಂತದ್ದೊಂದು ಸಮುದ್ರವಿದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಕೊಟ್ಟೂರಿನ ನನ್ನ ಅಂಗಡಿಯಲ್ಲಿ ಈ ಮಾತು ಕೇಳಿದವರೆಲ್ಲ ನಕ್ಕಿದ್ದಾರೆ. ನಲ್ಲಿಯಲ್ಲಿ ನೀರು ಬಂದ ದಿನವನ್ನು ಹಬ್ಬವೆಂದುಕೊಳ್ಳುವ, ನೀರು ಬಿಡುವವನನ್ನು ಶಾಸಕರಿಗಿಂತ ಹೆಚ್ಚು ಮರ್ಯಾದೆಯಿಂದ ಮಾತಾಡಿಸುವ ಸೀಮೆ ನಮ್ಮದು. ಇಲ್ಲಿಗೆ ಸಮುದ್ರ ಎಲ್ಲಿಂದ ಬರಬೇಕು? ಆದರೆ ನೀವು ಇದೇ ಪ್ರಶ್ನೆಯನ್ನು ಹಂಪಸಾಗರಕ್ಕೆ ಹೋಗಿ ನಮ್ಮ ಚಿಗವ್ವನ ಮುಖದೆದುರು ಕೇಳಿ ನೋಡೋಣ! ಕೇಳಿದವರಿಗೆ ಚಹಾ ಸಿಕ್ಕಿಲ್ಲ, ಇದು ಮಾತ್ರ ನನಗೆ ಗೊತ್ತು.

ಚಿಗವ್ವ ಎಂದರೆ ನಮ್ಮವ್ವನ ತಂಗಿ. ಹಂಪಸಾಗರಕ್ಕೆ ಸೊಸೆಯಾಗಿ ಹೋದವಳು. ಅವಳ ಹಿತ್ತಿಲ ಬಾಗಿಲು ತೆರೆದು ನಾಲ್ಕು ಹೆಜ್ಜೆ ಹಾಕಿದರೆ ತುಂಗಭದ್ರೆಯ ಹಿನ್ನೀರು. ಬಹಳ ಕಾಲ ಅವಳಿಗೂ ಅದು ಎಲ್ಲರಿಗಿದ್ದ ಹಾಗೆ ಬರೀ ಹೊಳೆಯೇ ಆಗಿತ್ತು. ಹೀಗಿರುವಾಗ ಒಮ್ಮೆ ಅವಳ ಮಹಿಳಾ ಸಂಘದ ಹೆಂಗಸರೆಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಗೋಕರ್ಣ, ಮುರುಡೇಶ್ವರ ಎಂದು ಹೊರಟುಬಿಟ್ಟರು. ಅಲ್ಲಿ ಮರಳಿನ ಮೇಲೆ ಒಂದು ಕಡೆ ಕೋಲು ನೆಟ್ಟು ಬಲೆ ಸುತ್ತಿದ್ದರಂತೆ. ಇದೇನೆಂದು ಚಿಗವ್ವ ಬಗ್ಗಿ ನೋಡುವಾಗ ಕಾವಲಿನವನೊಬ್ಬ ಸೀಟಿ ಊದುತ್ತ ಓಡಿ ಬಂದು, "ಅಮ್ಮಾ, ಇಲ್ಲಿ ಆಮೆ ಮೊಟ್ಟೆ ಇಟ್ಟಿದೆ, ದೂರ ನಿಲ್ಲಿ. ಸಮುದ್ರದ ದಂಡೆಯನ್ನು ನಾವು ಕಾಪಾಡದೆ ಇನ್ಯಾರು ಕಾಪಾಡಬೇಕು?" ಎಂದನಂತೆ. ಇಷ್ಟೇ ನಡೆದದ್ದು. ಸಮುದ್ರಕ್ಕೆ ಹೋದವರು ಕಪ್ಪೆಚಿಪ್ಪು ತರುತ್ತಾರೆ, ಒಣಮೀನು ತಿನ್ನುವವರು ಒಣಮೀನು ತರುತ್ತಾರೆ. ನಮ್ಮ ಚಿಗವ್ವ ಕಾನೂನು ತಂದಳು!

ಬಂದವಳೇ ಹಿತ್ತಿಲ ಬಾಗಿಲಲ್ಲಿ ನಿಂತು, ಹಿನ್ನೀರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ಇದು ಸಮುದ್ರ ಎಂದು ಘೋಷಿಸಿದಳು. ಚಿಗಪ್ಪ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಲೇ, ಸಮುದ್ರ ಅಂದ್ರ ಉಪ್ಪಿರ್ತೈತಿ," ಎಂದರು.

"ಉಪ್ಪು ಬೇಕಂದ್ರ ಅಡಿಗಿ ಮನ್ಯಾಗ ಡಬ್ಬಿ ಐತಿ, ತಗೊಂಡ್ಹೋಗಿ ಸುರೀರಿ. ಆ ಕಡಿ ದಂಡಿ ಕಾಣತೈತೇನು? ಇಲ್ಲ. ತೆರಿ ಬರ್ತಾವೇನು? ಬರ್ತಾವ. ಊರ ಹೆಸರಾಗ ಸಾಗರ ಐತೋ ಇಲ್ಲೋ? ಮತ್ತಿನ್ನೇನು ಬೇಕ್ರಿ ನಿಮಗ, ಹಡಗು ಬರಬೇಕೇನು?"

ಚಿಗಪ್ಪ ಎಲೆ ಬಾಯಿಗಿಟ್ಟುಕೊಂಡರು. ಬಾಯಿ ತುಂಬಿದ್ದಾಗ ಉತ್ತರ ಕೊಡುವ ಗೋಜಿಲ್ಲವೆಂಬುದನ್ನು ಅವರು ಮದುವೆಯಾದ ಹೊಸತರಲ್ಲೇ ಕಂಡುಕೊಂಡಿದ್ದರು.

ಸಮುದ್ರ ಬಂದ ಮೇಲೆ ದಂಡೆ ಬಂತು, ದಂಡೆ ಬಂದ ಮೇಲೆ ದಂಡೆಯ ಕಸ ಬಂತು, ಕಸ ಬಂದ ಮೇಲೆ ನಾನು ಬಂದೆ! ಯಾಕೆಂದರೆ ನನ್ನ ಅಂಗಡಿ ಯಾವುದು? ಮದುವೆ, ಸೀಮಂತ, ತಿಥಿ, ಏನೇ ಇರಲಿ, ಪ್ಲಾಸ್ಟಿಕ್ ಲೋಟ, ಥರ್ಮಾಕೋಲ್ ತಟ್ಟೆ, ಟೇಬಲ್ ಮೇಲೆ ಹಾಸುವ ಹಾಳೆ, ಬುಟ್ಟಿ, ಬಕೇಟು ಎಲ್ಲ ಹೋಲ್‌ಸೇಲ್ ದರದಲ್ಲಿ. ಚಿಗವ್ವ ದಂಡೆಯಲ್ಲಿ ಸಿಕ್ಕ ಲೋಟಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ, ಬಸ್ಸಿಗೆ ಹತ್ತಿಸಿ, ಕೊಟ್ಟೂರಿಗೆ ತಂದು ನನ್ನ ಗಲ್ಲಾಪೆಟ್ಟಿಗೆಯ ಮುಂದೆ ಸುರಿದಳು. ಅಂಗಡಿ ತುಂಬ ಗಿರಾಕಿ!

"ತಗೋಳೊ, ನಿನ್ನ ಮಕ್ಕಳು ನೀರಾಗ ಬಿದ್ದಿದ್ವು. ತಂದು ಮುಟ್ಟಿಸೀನಿ."

"ಚಿಗವ್ವ, ಇವು ನನ್ನವು ಅಂತ ಹೆಂಗ ಹೇಳ್ತಿ? ಲೋಟದ ಮ್ಯಾಲೆ ನನ್ನ ಹೆಸರು ಬರದೈತೇನು?"

"ಕಾಗಿ ಮರಿ ಮ್ಯಾಲೆ ಕಾಗಿ ಹೆಸರು ಬರದಿರ್ತೈತೇನು? ನೋಡಿದ್ರ ಗೊತ್ತಾಗಂಗಿಲ್ಲ?"

ಗಿರಾಕಿಗಳೆಲ್ಲ ಹೋ ಎಂದು ನಕ್ಕರು. ಒಬ್ಬರು ಆರ್ಡರ್ ಕೊಡಲು ಬಂದವರು, ಇನ್ನೊಮ್ಮೆ ಬರುತ್ತೇನೆಂದು ಹೇಳಿ ಮೆಲ್ಲಗೆ ಜಾರಿಕೊಂಡರು. ಸ್ವಂತ ಅಕ್ಕನ ಮಗನ ಹೊಟ್ಟೆಯ ಮೇಲೆ ಹೊಡೆಯುವ ಚಿಗವ್ವ ನಿಮಗಿದ್ದಾಳೆಯೇ? ಇಲ್ಲದಿದ್ದರೆ ನೀವು ಪುಣ್ಯವಂತರು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಕೊಟ್ಟೂರಿನಲ್ಲೇ ನಡೆದ ನಮ್ಮ ನೆಂಟರೊಬ್ಬರ ಮದುವೆಯಲ್ಲಿ. ತಟ್ಟೆ-ಲೋಟ ಸಪ್ಲೈ ನನ್ನದೇ. ಪಂಕ್ತಿ ಕೂತಿದೆ. ಚಿಗವ್ವ ತನ್ನ ಚೀಲದಿಂದ ಒಂದು ಸ್ಟೀಲಿನ ಗಂಗಾಳ, ಒಂದು ತಂಬಿಗೆ ತೆಗೆದಳು. ಮುಂದಿದ್ದ ನನ್ನ ತಟ್ಟೆಯನ್ನು ಸತ್ತ ಇಲಿಯನ್ನು ಸರಿಸುವಂತೆ ಎರಡು ಬೆರಳಲ್ಲಿ ಆಚೆ ಸರಿಸಿ, ತನ್ನ ಗಂಗಾಳ ಇಟ್ಟುಕೊಂಡಳು. ಬಡಿಸುವವನು ಗೋಧಿ ಹುಗ್ಗಿಯ ಸೌಟು ಹಿಡಿದು ಹಾಗೇ ನಿಂತುಬಿಟ್ಟ. ಪಕ್ಕದಲ್ಲಿ ಕೂತಿದ್ದ ಹರಪನಹಳ್ಳಿ ಕಡೆಯ ಮುದುಕಿಯೊಬ್ಬಳು ಗಾಬರಿಯಿಂದ ಕೇಳಿದಳು:

"ಯಾವ ದೇವ್ರ ಹರಕಿ ಹೊತ್ತೀ ಯವ್ವಾ?"

ಆ ಹೊತ್ತಿಗೆ ಚಿಗವ್ವ ಊರೂರಿಗೆ ಸಮುದ್ರದ ಉಪದೇಶ ಮಾಡಿ ಮಾಡಿ ಸಾಕಾಗಿದ್ದಳು. ಯಾರೊಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹುಗ್ಗಿ ಬೇರೆ ಆರುತ್ತಿತ್ತು. ಆದ್ದರಿಂದ ಚುಟುಕಾಗಿ, "ಗಂಗವ್ವಂದು," ಎಂದಳು.

ಮುಗಿಯಿತು! ಪಂಕ್ತಿ ಏಳುವುದರೊಳಗೆ ಆ ಸುದ್ದಿ ಅಡುಗೆ ಮನೆ ಮುಟ್ಟಿ, ಅಲ್ಲಿಂದ ಮದುಮಗಳ ಕೋಣೆ ಮುಟ್ಟಿ ಬಂತು. ಕೈ ತೊಳೆಯುವ ಕಡೆ ನಾಲ್ಕಾರು ಹೆಂಗಸರು ಚಿಗವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಮುಂದಿನ ಮದುವೆಯಲ್ಲಿ ಒಂದಿಡೀ ಸಾಲು ಹೆಂಗಸರು ಮನೆಯಿಂದ ಗಂಗಾಳ ತಂದು ಕೂತರು. ಹಾಗೆ ಉಂಡರೆ ಸೊಂಟನೋವು ಹೋಗುತ್ತದಂತೆ, ಮೊಣಕಾಲು ಹಗುರಾಗುತ್ತದಂತೆ, ಸೊಸೆ ಎದುರು ಮಾತಾಡುವುದಿಲ್ಲವಂತೆ! ಆ ಸಾಲಿನ ಕೊನೆಯಲ್ಲಿ ಗಂಗಾಳ ಹಿಡಿದು ಕೂತವಳು ಯಾರೆಂದು ಬಗ್ಗಿ ನೋಡಿದೆ. ನನ್ನ ಹೆಂಡತಿ.

"ನೀನೂನಾ?" ಎಂದೆ.

"ನಿಮಗೇನು ಗೊತ್ತು ನನ್ನ ಮೊಣಕಾಲ ಕಥಿ? ಸುಮ್ನ ಹೋಗ್ರಿ," ಎಂದಳು.

ಕಸದ ಬಗ್ಗೆ ಹೇಳಿದಾಗ ಆಕಳಿಸಿದ ಜನ ಹರಕೆ ಎಂದ ಕೂಡಲೇ ಎದ್ದು ನಿಂತರು. ಚಿಗವ್ವನಿಗೆ ಈ ಗುಟ್ಟು ಹೊಳೆದದ್ದು ಆಗಲೇ. ಹೊಳೆದದ್ದನ್ನು ಅವಳು ಸುಮ್ಮನೆ ಇಟ್ಟುಕೊಳ್ಳುವವಳಲ್ಲ.

ಇಲ್ಲಿ ಚಿಗಪ್ಪನ ವಿಷಯ ಸ್ವಲ್ಪ ಹೇಳಬೇಕು. ಅಣೆಕಟ್ಟು ಕಟ್ಟಿದಾಗ ಅವರ ಅಪ್ಪನ ಮನೆ, ಹೊಲ, ಊರಿಗೆ ಊರೇ ನೀರಿನೊಳಗೆ ಹೋಯಿತು. ಆದರೆ ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ, ತೀರಾ ಕೊನೆಗೆ, ಆ ಹಳೆಯ ಹೊಲದ ಒಂದು ಪಟ್ಟಿ ಮೇಲಕ್ಕೆ ಬರುತ್ತದೆ. ಹೀಗೆ ಮುಳುಗಿದ ಮನೆತನದವರೆಲ್ಲ ಬೇಸಿಗೆ ಬಂತೆಂದರೆ ಅವರವರ ಪಟ್ಟಿಗೆ ಇಳಿದು, ಹಸಿ ಆರುವುದರೊಳಗೆ ಏನಾದರೂ ಬಿತ್ತಿಕೊಳ್ಳುತ್ತಾರೆ. ಅಲ್ಲಿ ಬೇಲಿಯಿಲ್ಲ, ಬಾಂದುಗಲ್ಲಿಲ್ಲ. ಆದರೂ ಯಾವ ಪಟ್ಟಿ ಯಾರದೆಂಬುದರಲ್ಲಿ ಒಂದು ದಿನವೂ ಜಗಳವಾದದ್ದಿಲ್ಲ. ಚಿಗಪ್ಪ ತಮ್ಮ ಪಟ್ಟಿಗೆ ಸೌತೆ ಹಾಕುತ್ತಾರೆ. ಬೆಳೆದ ಕಾಯನ್ನು ಮಾರುವುದಿಲ್ಲ. ಚೀಲದಲ್ಲಿ ಹೊತ್ತು ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಎಂದು ನೆಂಟರ ಮನೆಮನೆಗೆ ಹೋಗಿ ಹಂಚುತ್ತಾರೆ. ಕೊಡುವಾಗ ತಪ್ಪದೆ ಒಂದು ಮಾತು, "ನಮ್ಮಪ್ಪನ ಹೊಲದ್ದು." ಸ್ವಲ್ಪ ಕಹಿಯಿದ್ದರೂ ನಾವು ಯಾರೂ ಹೇಳುವುದಿಲ್ಲ. ವರ್ಷವಿಡೀ ಆ ಮನುಷ್ಯ ಕಾಯುವುದು ಈ ಒಂದು ಪಟ್ಟಿಗಾಗಿ.

ಈ ಬೇಸಿಗೆಯಲ್ಲಿ ಪಟ್ಟಿ ಮೇಲೆ ಬಂತು. ಚಿಗಪ್ಪ ಬೀಜ ನೆನೆಹಾಕಿದರು. ಮೊದಲು ಹೋಗಿ ನೋಡಿಕೊಂಡು ಬಂದವಳು ಚಿಗವ್ವ.

"ಏನ್ರಿ, ಈ ವರ್ಷ ಪಟ್ಟಿ ಬಿತ್ತಂಗಿಲ್ಲ."

"ಯಾಕ?"

"ಬಾಣಂತ್ಯಾರು ಅದಾರ."

ಚಿಗಪ್ಪ ಧಡಕ್ಕನೆ ಎದ್ದರು. "ಯಾರ ಮನ್ಯಾಕಿ? ಮನಿ ಬಿಟ್ಟು ಹೊಲದಾಗ ಯಾಕ ಹಡದ್ಳು?"

ಹೋಗಿ ನೋಡಿದರೆ ಹಕ್ಕಿಗಳು! ನೆತ್ತಿಯ ಮೇಲೆ ಕರಿ ಟೊಪ್ಪಿಗೆ ಇಟ್ಟಂತೆ ಬಣ್ಣ, ಹಳದಿ ಕೊಕ್ಕು, ಉದ್ದ ಬಾಲ. ಓದಿದವರು ಅದಕ್ಕೆ ರೀವ ಎನ್ನುತ್ತಾರಂತೆ, ನಮ್ಮವರಿಗೆ ಅದು ಮೀನು ಹಿಡಿಯುವ ಹಕ್ಕಿ ಅಷ್ಟೇ. ಆ ಹಕ್ಕಿಗೆ ಗೂಡು ಕಟ್ಟುವ ವ್ಯವಧಾನವಿಲ್ಲ. ಬಯಲಲ್ಲೇ ಒಂದು ಸಣ್ಣ ತಗ್ಗು ಮಾಡಿ, ಅದರಲ್ಲೇ ತತ್ತಿ. ಮಣ್ಣಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಕಾಲಿಟ್ಟ ಮೇಲೆಯೇ ಗೊತ್ತಾಗುವಂಥವು. ಚಿಗಪ್ಪನ ಪಟ್ಟಿಯ ನಟ್ಟನಡುವೆ ಇಂಥ ಹತ್ತಾರು ತಗ್ಗು.

"ಅಷ್ಟು ದೊಡ್ಡ ಹೊಳಿದಂಡ್ಯಾಗ ಅವಕ್ಕ ನಮ್ಮಪ್ಪನ ಹೊಲಾನ ಬೇಕಾಗಿತ್ತೇನು?"

"ಹೊಳಿ ಅಲ್ರಿ, ಸಮುದ್ರ."

ಅಂದಿನಿಂದ ಚಿಗಪ್ಪ ಮಾತು ಬಿಟ್ಟರು. ಬಿಟ್ಟದ್ದು ಹೆಂಡತಿಯೊಡನೆ ಮಾತ್ರ. ಉಳಿದವರ ಮೂಲಕ ಮೊದಲಿಗಿಂತ ಎರಡು ಪಟ್ಟು ಮಾತಾಡತೊಡಗಿದರು. ನಾನು ಹೋದರೆ ನಾನು, ಇಲ್ಲದಿದ್ದರೆ ಎಮ್ಮೆ. "ನಿಮ್ಮ ಚಿಗವ್ವಗ ಹೇಳೋ, ಸಾರಿನಾಗ ಉಪ್ಪಿಲ್ಲ ಅಂತ." ಅವಳು ಅಲ್ಲೇ ಎದುರಿಗೆ ಸೌಟು ಹಿಡಿದು ನಿಂತಿದ್ದಾಳೆ! "ನಿಮ್ಮ ಚಿಗಪ್ಪಗ ಹೇಳೋ, ಉಪ್ಪಿಲ್ಲದ ಸಮುದ್ರಾನೂ ಇರ್ತೈತಿ, ಉಪ್ಪಿಲ್ಲದ ಸಾರೂ ಇರ್ತೈತಿ ಅಂತ." ನಾನು ಊಟಕ್ಕೆ ಹೋದವನೋ, ಪಂಚಾಯಿತಿಗೆ ಹೋದವನೋ?

ಗಂಡನನ್ನು ತಡೆದದ್ದಾಯಿತು, ಊರನ್ನು ತಡೆಯುವುದು ಹೇಗೆ? ಹಿನ್ನೀರಿನ ದಂಡೆಗೆ ಈಗ ಜೀಪು ತಂದು ರೀಲ್ಸ್ ಮಾಡುವವರಿದ್ದಾರೆ, ಮದುವೆಗೆ ಮೊದಲೇ ಮದುವೆಯ ಫೋಟೋ ತೆಗೆಸುವ ಜೋಡಿಗಳಿದ್ದಾರೆ, ನೂರಾರು ಕುರಿ ಹೊಡೆದುಕೊಂಡು ನೀರಿಗೆ ಬರುವವರಿದ್ದಾರೆ. ಕೋಲು ನೆಟ್ಟು ಬಲೆ ಸುತ್ತಿದರೆ ನಮ್ಮ ಜನ ಬಲೆಯನ್ನೇ ಒಯ್ದಾರು. ಚಿಗವ್ವ ಪಟ್ಟಿಯ ಸುತ್ತ ಕೋಲು ನೆಟ್ಟು, ಒಂದೊಂದು ಕೋಲಿಗೂ ಬೇವಿನ ಸೊಪ್ಪು ಕಟ್ಟಿದಳು. ಅಷ್ಟೇ. ಬಾಣಂತಿ ಇರುವ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದು ಕಂಡರೆ ಹೊರಗಿನವರು ಸೀದಾ ಒಳಗೆ ನುಗ್ಗುವುದಿಲ್ಲ. ಪೊಲೀಸರು ಬೇಡ, ಬೋರ್ಡು ಬೇಡ.

ಮೊದಲ ಜೀಪು ಬಂದದ್ದು ಹಡಗಲಿಯಿಂದ. ಕಿವಿ ಕಿತ್ತುಹೋಗುವಂಥ ಹಾಡು, ಕಪ್ಪು ಕನ್ನಡಕ. ಬೇವು ನೋಡಿ ಗಾಡಿ ನಿಂತಿತು.

"ಅಜ್ಜೀ, ಏನಿದು?"

"ಬಾಣಂತಿ ಮನಿ."

"ಮನಿ ಎಲ್ಲೈತಿ?"

"ಬಾಣಂತಿ ಅದಾಳಂದ ಮ್ಯಾಲೆ ಮನಿ ಇದ್ದಂಗ. ಹಾಡು ಬಂದ್ ಮಾಡಪಾ, ಕೂಸು ಮಲಗ್ಯಾವ."

ಹಾಡು ನಿಂತಿತು. ಒಬ್ಬ ಚಪ್ಪಲಿಯನ್ನೂ ಬಿಟ್ಟ! ಗಾಡಿ ಹಿಂದಕ್ಕೆ ತಿರುಗಿಸಿಕೊಂಡು ಸಪ್ಪಳಿಲ್ಲದೆ ಹೋದರು. ಕುರಿಯವರಂತೂ ಕುರಿಗಳನ್ನು ಅಷ್ಟು ದೂರದಿಂದಲೇ ಬಳಸಿ ಹೊಡೆದುಕೊಂಡು ಹೋಗತೊಡಗಿದರು.

ಇಲ್ಲಿಗೆ ಮುಗಿದಿದ್ದರೆ ಚಂದವಿತ್ತು. ಆದರೆ ಗಂಗವ್ವನ ಹರಕೆಯ ಅಜ್ಜಿ ಹೊಳೆದಂಡೆಯಲ್ಲಿ ಬೇವು ಕಟ್ಟಿದ್ದಾಳೆಂದರೆ ಸುದ್ದಿ ಸುಮ್ಮನಿರುತ್ತದೆಯೇ? ಸಾಕ್ಷಾತ್ ಗಂಗವ್ವನೇ ಹಡೆದಿದ್ದಾಳೆಂದು ಹಬ್ಬಿತು. ಜನ ಬಂದರು! ಕಾಯಿ, ಕರ್ಪೂರ, ಊದಿನಕಡ್ಡಿ, ಅರಿಸಿನ ಕುಂಕುಮದ ಪ್ಲಾಸ್ಟಿಕ್ ಪೊಟ್ಟಣ, ಎಲ್ಲವೂ ಬಂತು. ಜೀಪಿನವರು ಒಂದು ತಿಂಗಳಲ್ಲಿ ಹಾಕದಷ್ಟು ಕಸವನ್ನು ಭಕ್ತರು ಒಂದೇ ಸೋಮವಾರ ಹಾಕಿದರು. ಈ ಪೊಟ್ಟಣಗಳು ನನ್ನವಲ್ಲವೆಂದು ನಾನು ಆಣೆ ಮಾಡಿ ಹೇಳಿದೆ. ಚಿಗವ್ವ ನನ್ನ ಕಡೆ ನೋಡಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಭಕ್ತರ ನಡುವೆ ನಿಂತು ಅಪ್ಪಣೆಗಳನ್ನು ಹೊರಡಿಸಿದಳು.

"ಊದಿನಕಡ್ಡಿ ಹಚ್ಚಬ್ಯಾಡ್ರಿ, ಹಸಿ ಬಾಣಂತಿಗೆ ಹೊಗಿ ಆಗಂಗಿಲ್ಲ. ಕಾಯಿ ಒಡೀಬ್ಯಾಡ್ರಿ, ಕೂಸು ಬೆಚ್ಚತಾವ. ದೂರ ನಿಂತು ಕೈ ಮುಗೀರಿ, ಇಲ್ಲಾಂದ್ರ ಕೂಸಿಗೆ ಗಾಳಿ ಸೋಕತೈತಿ. ಹೋಗುವಾಗ ತಂದಿದ್ದು ತಗೊಂಡ್ಹೋಗ್ರಿ. ಬಾಣಂತಿ ಕ್ವಾಣ್ಯಾಗ ಯಾರರ ಕಸ ಚೆಲ್ತಾರೇನು?"

ನೀವು ನಂಬುತ್ತೀರೋ ಇಲ್ಲವೋ, ಎಲ್ಲರೂ ತಮ್ಮ ತಮ್ಮ ಕಸ ಆರಿಸಿಕೊಂಡು ಚೀಲಕ್ಕೆ ತುಂಬಿಕೊಂಡರು. ಚಿಗಟೇರಿಯಿಂದ ಬಂದ ಒಬ್ಬ ತಾಯಿ ಮಾತ್ರ ಡಬ್ಬಿ ತುಂಬ ಅಂಟಿನುಂಡೆ ಮಾಡಿಕೊಂಡು ಬಂದಿದ್ದಳು. ಒಣಕೊಬ್ಬರಿ, ಉತ್ತತ್ತಿ, ತುಪ್ಪ, ಯಾವುದಕ್ಕೂ ಕೈ ಹಿಡಿದಿರಲಿಲ್ಲ. "ಬಾಣಂತಿಗೆ ಶಕ್ತಿ ಬರಲಿ, ನೀವ ಮುಟ್ಟಿಸ್ರಿ," ಎಂದು ಕೊಟ್ಟು ಹೋದಳು. ಹಕ್ಕಿಗೆ ಅಂಟಿನುಂಡೆ ತಿನ್ನಿಸಲಾದೀತೇ? ಆ ಬಾಣಂತನವನ್ನು ನಾನೇ ಮಾಡಿಸಿಕೊಂಡೆ. ಚಿಗಪ್ಪ ಮೊದಲು, "ನಿಮ್ಮ ಚಿಗವ್ವಗ ಹೇಳು, ಆಕಿ ದೇವ್ರ ಉಂಡಿ ನನಗ ಬ್ಯಾಡ ಅಂತ," ಎಂದರು. ಆಮೇಲೆ ಡಬ್ಬಿ ನೋಡಿದರೆ ಉಂಡೆ ಕಡಿಮೆಯಾಗಿದ್ದವು, ಚಿಗಪ್ಪನ ಅಂಗಿಯ ಜೇಬು ಉಬ್ಬಿತ್ತು.

ಒಂದು ಮಧ್ಯಾಹ್ನ ಮಾತ್ರ ಚಿಗಪ್ಪನ ಮಾತಿನಲ್ಲಿ ಕೊಂಕಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದೆವು. ನೆನೆಹಾಕಿದ ಬೀಜ ಬಟ್ಟೆಯಲ್ಲೇ ಮೊಳೆತು, ಕಪ್ಪಾಗಿ ಹೋಗಿದ್ದವು. ಅವನ್ನು ಎಮ್ಮೆಯ ಗೋದಲಿಗೆ ಒದರಿ ಬಂದು ಹೇಳಿದರು:

"ನಿನಗ ಇದು ತಮಾಷಿ ಆಗೈತಿ. ವರ್ಷಕ್ಕೊಮ್ಮೆ ನಮ್ಮಪ್ಪನ ಹೊಲ ಕಣ್ಣಿಗೆ ಬೀಳ್ತೈತಿ. ಅದರಾಗ ಕೈ ಆಡಿಸ್ಲಿಲ್ಲಂದ್ರ ಅದು ನಮ್ಮದು ಅಂತ ನನಗ ಅನಸಂಗಿಲ್ಲಪಾ. ಬರೂ ವರ್ಷ ನಾ ಇರ್ತೀನೋ, ಇಲ್ಲೋ. ನಿಮ್ಮ ಚಿಗವ್ವಗ ಇದನ್ನ ಮಾತ್ರ ಹೇಳಬ್ಯಾಡ."

ನಾನು ಹೇಳಲಿಲ್ಲ. ಆದರೆ ಚಿಗವ್ವ ಬಾಗಿಲ ಹಿಂದೆ ಕೇರುತ್ತಿದ್ದ ಮೊರದ ಸಪ್ಪಳ ನಿಂತದ್ದು ನನಗೆ ಕೇಳಿಸಿತ್ತು. ಆ ದಿನ ಅವಳು ಯಾರ ಮೇಲೂ ರೇಗಲಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು.

ಇನ್ನೇನು ಮರಿ ಆಗುವ ಹೊತ್ತು. ಒಂದು ಬೆಳಿಗ್ಗೆ ನಾನು ಗೂಡ್ಸ್ ಆಟೋದಲ್ಲಿ ಮಾಲು ತುಂಬಿಕೊಂಡು ಹಗರಿಬೊಮ್ಮನಹಳ್ಳಿಗೆ ಹೊರಟಿದ್ದೆ. ಚಿಗವ್ವನ ಫೋನು.

"ಲೇ, ಎಲ್ಲಿದ್ದಿ? ಮ್ಯಾಲೆ ಎಲ್ಲೋ ಮಳಿ ಹೊಡದೈತಂತ, ನೀರು ಏರಾಕ ಹತ್ತೈತಿ. ನಿಮ್ಮ ಚಿಗಪ್ಪ ಕಾಣವಲ್ರು. ಲಗೂನ ಬಾ."

ಅವಳ ದನಿಯಲ್ಲಿ ಅಷ್ಟು ಹೆದರಿಕೆ ನಾನು ಕೇಳಿರಲಿಲ್ಲ. ಆಟೋ ಅತ್ತ ತಿರುಗಿಸಿದೆ. ಹೋಗಿ ನೋಡುತ್ತೇನೆ, ನೀರು ಪಟ್ಟಿಯ ಅಂಚು ಮುಟ್ಟಿ, ಬೇವಿನ ಕೋಲುಗಳಲ್ಲಿ ಅರ್ಧ ನೀರಿನೊಳಗಿವೆ. ಮೇಲೆ ಹಕ್ಕಿಗಳ ಕೂಗೋ ಕೂಗು. ನಡುವೆ, ಮೊಣಕಾಲವರೆಗೆ ಧೋತರ ಎತ್ತಿ ಕಟ್ಟಿ, ಕೆಸರಿನಲ್ಲಿ ಬಗ್ಗಿ ನಿಂತವರು ಚಿಗಪ್ಪ! ಒಂದು ತಗ್ಗಿನ ಕೆಳಗೆ ಎರಡೂ ಅಂಗೈ ತೂರಿಸಿ, ತತ್ತಿಗಳನ್ನು ಮಣ್ಣುಸಮೇತ ಮೇಲಕ್ಕೆತ್ತಿ ಹಿಡಿದಿದ್ದಾರೆ. ಹಕ್ಕಿಗಳು ಅವರ ಬೋಳು ತಲೆಯನ್ನು ಕುಕ್ಕಿ ಕುಕ್ಕಿ ಹೋಗುತ್ತಿವೆ. ಅವರು ತಲೆ ಸರಿಸುವಂತಿಲ್ಲ, ಕೈ ಬಿಡುವಂತಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ.

ಅವರನ್ನು ಊರೆಲ್ಲ ಹುಡುಕಿ ಆಗಷ್ಟೇ ದಂಡೆಗೆ ಬಂದ ಚಿಗವ್ವ ಅತ್ತ ಓಡಿದಳು. ಚಿಗಪ್ಪ ತಲೆ ಎತ್ತದೆ, "ಕೆಳಗ ಮಣ್ಣು ಹಾಕು," ಎಂದರು. ಅಷ್ಟು ದಿನಗಳ ಮೇಲೆ ಹೆಂಡತಿಯೊಡನೆ ನೇರವಾಗಿ ಆಡಿದ ಮಾತು ಅದು. ನನ್ನ ಕಡೆಗೂ ಅಲ್ಲ, ಎಮ್ಮೆಯ ಕಡೆಗೂ ಅಲ್ಲ.

"ಲೇ, ನಿನ್ನ ಗಾಡ್ಯಾಗಿನ ಬುಟ್ಟಿ ತಾರೋ!" ಎಂದು ಚಿಗವ್ವ ಚೀರಿದಳು.

"ಅವು ಪ್ಲಾಸ್ಟಿಕ್ ಬುಟ್ಟಿ, ಚಿಗವ್ವ."

"ನನಗೇನು ಕಣ್ಣಿಲ್ಲೇನು? ತಾ ಅಂದ್ರ ತಾ!"

ಮಾಲಿನ ಹೊಸ ಬುಟ್ಟಿಗಳನ್ನೆಲ್ಲ ಬಿಚ್ಚಿದೆ. ದಂಡೆಯ ಒಣಮಣ್ಣು ತುಂಬಿ ತುಂಬಿ ಹೊತ್ತು ಕೊಟ್ಟೆ. ಚಿಗಪ್ಪ ಎತ್ತುವುದು, ಚಿಗವ್ವ ಕೆಳಗೆ ಮಣ್ಣು ತುಂಬಿ ತಟ್ಟುವುದು, ಚಿಗಪ್ಪ ಮೆಲ್ಲಗೆ ಇಳಿಸುವುದು. ಎಲ್ಲವನ್ನೂ ಎತ್ತಲಾಗಲಿಲ್ಲ. ನೀರಂಚಿನ ಕೆಲವು ನಾವು ಮುಟ್ಟುವ ಮೊದಲೇ ಹೋದವು. ಉಳಿದವೆಲ್ಲ ಒಂದೊಂದು ಸಣ್ಣ ದಿಬ್ಬದ ಮೇಲೆ ಕೂತವು. ಆಮೇಲೆ ಮೂವರೂ ಹಿಂದೆ ಸರಿದು ದಂಡೆಯ ಮೇಲೆ ಕೂತೆವು. ತಾಯಿಗಳು ವಾಪಸು ಬಂದು ಕೂರದಿದ್ದರೆ ಬಿಸಿಲಿಗೆ ಅಷ್ಟೂ ತತ್ತಿ ಹಾಳು. ಹಕ್ಕಿಗಳು ಮೇಲೆ ಸುತ್ತುತ್ತಲೇ ಇದ್ದವು, ಇಳಿಯಲಿಲ್ಲ. ಚಿಗಪ್ಪನ ನೆತ್ತಿಯಿಂದ ರಕ್ತ ಇಳಿದಿತ್ತು. ಚಿಗವ್ವ ಸೆರಗಿನಿಂದ ಒತ್ತಿ ಹಿಡಿದಳು.

"ನಿಮಗ ಇವು ಬ್ಯಾಡಾಗಿದ್ವಲ್ರಿ. ಮುಳುಗಿದ್ರ ಬರೂ ವರ್ಷ ನಿಮ್ಮ ಹೊಲಕ್ಕ ಬರ್ತಿದ್ದಿಲ್ಲ," ಎಂದಳು.

ಚಿಗಪ್ಪ ನೀರಿನ ಕಡೆ ಕೈ ಮಾಡಿದರು.

"ನಮ್ಮೂರಿಗೆ ನೀರು ಬಂದಾಗ ನಮ್ಮವ್ವ ಬಸುರಿ. ದಿನ ತುಂಬಿದ್ವಂತ. ಹೊಸ್ತಿಲಕ್ಕ ನೀರು ಬಂದ್ರೂ ಆಕಿಗೆ ಏಳಾಕ ಆಗವಲ್ದು. ನಮ್ಮಪ್ಪ, ನಮ್ಮ ದೊಡ್ಡಪ್ಪ ಇಬ್ಬರೂ ಆಕಿನ್ನ ಹೊರಸು ಸಮೇತ ಎತ್ತಿ, ಎದಿಮಟ ನೀರಾಗ ಹೊತ್ಕೊಂಡು ಬಂದ್ರು. ಇಲ್ಲೇ, ಇದ ದಂಡಿಗೆ ತಂದು ಇಳಿಸಿದ್ರು. ಬೆಳಗಾಗದ್ರಾಗ ನಾ ಹುಟ್ಟಿದೆ," ಎಂದರು. ಆಮೇಲೆ ಕೆಸರು ಒಣಗಿದ ಅಂಗೈ ನೋಡಿಕೊಳ್ಳುತ್ತ, "ನನ್ನ ಹೊರಾಕ ಇಬ್ರಿದ್ರು. ಇವಕ್ಕ ಯಾರದಾರ, ಹೇಳು?"

ಆಗ ಒಂದು ಹಕ್ಕಿ ಇಳಿಯಿತು. ದಿಬ್ಬದ ಸುತ್ತ ಒಂದು ಸುತ್ತು ನಡೆದು, ಅನುಮಾನದಿಂದ ನೋಡಿ, ಮೇಲೆ ಹತ್ತಿ, ರೆಕ್ಕೆ ಹರವಿ ತತ್ತಿಗಳ ಮೇಲೆ ಕೂತಿತು. ಅದರ ಹಿಂದೆ ಇನ್ನೊಂದು.

"ನೀವದೀರಲ್ರಿ," ಎಂದಳು ಚಿಗವ್ವ.